ಸಂದೂಕದಲ್ಲಿ ಸಿಕ್ಕ ಬಂಗಾರ, ವಜ್ರ: ಸರಾಫ, ಶೋರೂಂ, ನಗದು ಕಂಪನಿ, ಗಿರವಿ, ಎಲ್ಲಿ ಎಷ್ಟು ಕೈಗೆ ಬರುತ್ತದೆ

ಕಲಬುರಗಿಯ ಸರಾಫ್ ಬಜಾರಿಗೆ ಬಿಲ್ ಇಲ್ಲದ ಹಳೆ ಒಡವೆ ತಂದವರು ಮೊದಲು ಕೇಳುವ ಮಾತು ಒಂದೇ: "ಇವತ್ತು ತೊಲಿಗೆ ಎಷ್ಟು?" ದಿನದ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕೈಗೆ ಬರುವ ಹಣ ಹೆಚ್ಚುಕಡಿಮೆಯಾಗುವುದು ಮೂರು ಕಡೆ: ನಿವ್ವಳ ತೂಕ ಎಷ್ಟು ಹಿಡಿದರು, ಟಂಚ (ನೂರರಲ್ಲಿ ಅಪ್ಪಟ ಬಂಗಾರದ ಪಾಲು) ಎಷ್ಟು ಬಂತು, ಕಡಿತವನ್ನು ಯಾವುದರ ಮೇಲೆ ಮಾಡಿದರು. ಒಂದೇ ಒಡವೆಯನ್ನು ನಾಲ್ಕು ಕಡೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಲೆಕ್ಕ ಸುಲಭವಾಗಲೆಂದು ಇಲ್ಲಿ 24 ಕ್ಯಾರೆಟ್ ಬಂಗಾರ ಗ್ರಾಂಗೆ 10,000 ರೂಪಾಯಿ ಎಂದು ಹಿಡಿದಿದೆ. ಅಂದಂದಿನ ದರ ಹಾಕಿಕೊಂಡು ಗುಣಿಸಿದರಾಯಿತು. ಮಾದರಿಗೆ ಒಂದು ಹಳೆ ಬೋರಮಾಳ ಸರ: ದಾರ ಸಮೇತ 28.400 ಗ್ರಾಂ, ದಾರ ತೆಗೆದರೆ 28.000 ಗ್ರಾಂ. ಗುಂಡುಗಳ ಒಳಗೆ ಅರಗು. ಕರಗಿಸಿದ ಮೇಲೆ ಉಳಿಯುವ ಬಂಗಾರ 21.200 ಗ್ರಾಂ, ಟಂಚ 87.5, ಅಂದರೆ 21 ಕ್ಯಾರೆಟ್. ಅಪ್ಪಟ ಬಂಗಾರ 18.550 ಗ್ರಾಂ, ಅದರ ಪೂರ್ಣ ಬೆಲೆ 1,85,500 ರೂಪಾಯಿ. ಯಾರು ಎಷ್ಟು ಕೊಟ್ಟರು ಎಂಬುದನ್ನು ಈ ಅಂಕಿಗೆ ಹೋಲಿಸಿ ನೋಡಬೇಕು.

ಮಾರುವ ಮೊದಲು: ಒಡವೆ ಯಾರದು?

ಮನೆಯ ಹಿರಿಯರ ಸಂದೂಕದಲ್ಲಿ, ಬ್ಯಾಂಕ್ ಲಾಕರಿನಲ್ಲಿ ಸಿಕ್ಕಿದ್ದು ವಾರಸುದಾರರದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರೆಲ್ಲರ ಒಪ್ಪಿಗೆಯನ್ನು ಕಾಗದದಲ್ಲಿ ಪಡೆದೇ ಮಾರಬೇಕು. ಹಳೆ ವಾಡೆ ಕೆಡವುವಾಗ ಗೋಡೆಯಲ್ಲೋ ನೆಲದಲ್ಲೋ ಹೂತದ್ದು ಸಿಕ್ಕರೆ ಅದಕ್ಕೆ 1962ರ ಕರ್ನಾಟಕದ ನಿಧಿ ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ತಿಳಿಸದೆ ಕರಗಿಸಬಾರದು. ರಸ್ತೆಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ ಸಿಕ್ಕಿದ್ದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಬೇರೆಯವರದೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ, ಕಳವಿನ ಮಾಲು ಕೊಳ್ಳುವುದು 317ನೇ ಕಲಂ ಪ್ರಕಾರ ಅಪರಾಧ. ಸರಾಫರು ಆಧಾರ್ ಕೇಳುವುದು ಇದಕ್ಕಾಗಿಯೇ. ಆಧಾರ್ ಕೇಳದೆ ಕೊಳ್ಳುವವನು ಬೆಲೆಯನ್ನೂ ನೆಟ್ಟಗೆ ಕೊಡುವುದಿಲ್ಲ.

ಸಿಕ್ಕ ಒಡವೆ ಇತ್ತೀಚಿನದಾಗಿದ್ದರೆ ಒಳಮೈಯಲ್ಲಿ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗಳಿಗೆ ಇದು ಕಡ್ಡಾಯ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಮಾಡಿಸಿದ ಅಂಗಡಿಯ ನೋಂದಣಿ ಸಂಖ್ಯೆ ಕಾಣುತ್ತವೆ. ಕಳೆದುಕೊಂಡವರನ್ನು ಹುಡುಕಲು ಪೊಲೀಸರಿಗೆ ಇದಕ್ಕಿಂತ ನೇರವಾದ ಸುಳಿವು ಬೇರೆ ಇಲ್ಲ.

ತೂಕ ಮತ್ತು ಟಂಚ

ಹಳೆ ಚೀಟಿಯಲ್ಲಿ "5 ತೊಲಿ" ಎಂದು ಬರೆದಿದ್ದರೆ ಅದನ್ನು 50 ಗ್ರಾಂ ಎಂದು ಓದಬೇಡಿ. ಈಗಿನ ಅಂಗಡಿಗಳು ತೊಲಿ ಎಂದರೆ 10 ಗ್ರಾಂ ಹಿಡಿಯುತ್ತವೆ. ಹಳೆಯ ತೊಲಿ 11.664 ಗ್ರಾಂ, ಐದು ತೊಲಿ ಎಂದರೆ 58.3 ಗ್ರಾಂ. ತಕ್ಕಡಿ ಮೂರು ದಶಾಂಶ ತೋರಿಸುವಂಥದ್ದಿರಲಿ. ತೂಗುವಾಗ ಫ್ಯಾನ್ ಬಂದ್ ಮಾಡಿಸಿ, ಖಾಲಿ ತಟ್ಟೆ ಸೊನ್ನೆ ತೋರಿಸುವುದನ್ನು ನೋಡಿ. ನಮ್ಮ ಲೆಕ್ಕದ ದರದಲ್ಲಿ 10 ಮಿಲಿಗ್ರಾಂ ಅಂದರೆ 100 ರೂಪಾಯಿ.

ಯಾವ ಅಂಗಡಿಗೂ ಹೋಗುವ ಮೊದಲು ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸಾರ್ವಜನಿಕರ ಹಾಲ್‌ಮಾರ್ಕ್ ಇಲ್ಲದ ಒಡವೆಗಳಿಗೆ ನಾಲ್ಕರವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿ ಶುಲ್ಕ ಎಂದು ಬಿಐಎಸ್ ನಿಗದಿ ಮಾಡಿದೆ. ಕೈಯಲ್ಲಿ ಆ ವರದಿ ಇದ್ದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. "ಕೆಡಿಎಂ" ಎಂಬ ಹಳೆ ಮುದ್ರೆಯನ್ನು ಶುದ್ಧತೆಯ ಗುರುತೆಂದು ನಂಬುವವರು ಇನ್ನೂ ಇದ್ದಾರೆ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಬಂಗಾರ ಎಷ್ಟಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ರೇ ಪರೀಕ್ಷಾ ಯಂತ್ರ ಓದುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ. ಹಳೆ ಒಡವೆಗೆ ಮೆರುಗು ಕೊಡುವಾಗ ಮೇಲಿನ ತಾಮ್ರ ಹೋಗಿ ಹೊರಮೈ ಹೆಚ್ಚು ಶುದ್ಧವಾಗಿರುತ್ತದೆ, ಒಳಗಿನ ಬೆಸುಗೆ ಕಡಿಮೆ ಟಂಚಿನದಾಗಿರುತ್ತದೆ. ಯಂತ್ರ ಮೇಲಿಂದ 91 ತೋರಿಸಿ, ಕರಗಿಸಿದ ಮೇಲೆ 87 ಬಂದರೆ ಮೋಸವಾಯಿತೆಂದು ತಿಳಿಯಬೇಕಿಲ್ಲ. ಬೋರಮಾಳ, ಗುಂಡಿನ ಟೀಕಿ, ಝುಮಕಿಯಂಥ ಬೆಸುಗೆ ಹೆಚ್ಚಿರುವ ಒಡವೆಗಳಲ್ಲಿ ಇದು ಸಹಜ. ಪಾಟ್ಲಿ, ಬಿಲ್ವಾರದಂಥ ಗಟ್ಟಿ ಒಡವೆಗಳಲ್ಲಿ ಅಷ್ಟು ಅಂತರ ಬಂದರೆ ಮಾತ್ರ ಪ್ರಶ್ನೆ ಮಾಡಬೇಕು.

ಸರಾಫ್ ಬಜಾರ್: ಕರಗಿಸಿ ಮಾರುವುದು

ನಗದಿನ ಅಗತ್ಯವಿದ್ದು ಹೊಸ ಒಡವೆ ಬೇಡವಾದರೆ ನಮ್ಮ ಮೊದಲ ಆಯ್ಕೆ ಇದು. ಆದರೆ ಇಡೀ ಕೆಲಸ ಕಣ್ಣೆದುರೇ ನಡೆಯಬೇಕು.

ದಾರ, ಹರಳು, ಮುತ್ತು, ಕರಿಮಣಿ ಬಿಡಿಸಿ ಅಲ್ಲೇ ವಾಪಸ್ ಪಡೆಯಿರಿ. ತೂಗಿಸಿ, ಚೀಟಿಯಲ್ಲಿ ಬರೆಸಿ. ಅರಗಿದ್ದರೆ ಮೊದಲು ಮೆಲ್ಲಗೆ ಸುಟ್ಟು ತೆಗೆಯಬೇಕು, ಒಮ್ಮೆಲೇ ಉರಿ ಕೊಟ್ಟರೆ ಗುಂಡು ಸಿಡಿದು ಚೂರು ಹಾರುತ್ತದೆ. ಆಮೇಲೆ ಮೂಸೆಗೆ ಹಾಕಿ ಬಿಳಿಗಾರದ ಜೊತೆ ಕರಗಿಸುತ್ತಾರೆ. ಅಪ್ಪಟ ಬಂಗಾರ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು. ಸುರಿದಾದ ಮೇಲೆ ಮೂಸೆಯನ್ನು ನೋಡಿ. ತಳದಲ್ಲಿ, ಬಿಳಿಗಾರದ ಗಾಜಿನಂಥ ಪದರದಲ್ಲಿ ಬಂಗಾರದ ಕಾಳುಗಳು ಅಂಟಿರುತ್ತವೆ, ಅವನ್ನು ಕೆರೆದು ಜೊತೆಗೆ ತೂಗಿಸಬೇಕು. ಹಳೆ ಒಡವೆ ಕರಗಿಸುವಾಗ ತೂಕ ಸೋರಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಕರಗಿಸಿ ಬಂದ ಗಟ್ಟಿಯನ್ನು ಯಂತ್ರದಲ್ಲಿ ಮೇಲೊಂದು, ಕೆಳಗೊಂದು, ಅಂಚಿನಲ್ಲೊಂದು ಕಡೆ ಓದಿಸಿ ಸರಾಸರಿ ಹಿಡಿಯಿರಿ, ಯಾಕೆಂದರೆ ಸರಿಯಾಗಿ ಕಲಸದಿದ್ದರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತದೆ.

ಇನ್ನು ದರದ ಲೆಕ್ಕ. ದೊಡ್ಡ ಪೆಟ್ಟು ಬೀಳುವ ಜಾಗ ಇದು. ಸರಿಯಾದ ಲೆಕ್ಕ: 24 ಕ್ಯಾರೆಟ್ ದರ × ಟಂಚ × ತೂಕ. ನಮ್ಮ ಸರಕ್ಕೆ 1,85,500. ಕೆಲವು ಅಂಗಡಿಗಳು ಬೋರ್ಡಿನ 22 ಕ್ಯಾರೆಟ್ ದರ 9,160 ತೋರಿಸಿ, ಅದರ ಮೇಲೆ ಮತ್ತೆ 87.5ರಷ್ಟು ಹಿಡಿಯುತ್ತವೆ: ಗ್ರಾಂಗೆ 8,015, ಒಟ್ಟು 1,69,918. ಹೀಗಾದರೆ ಶುದ್ಧತೆಯನ್ನು ಎರಡು ಸಲ ಕಳೆದಂತಾಯಿತು, 15,582 ರೂಪಾಯಿ ಹೋಯಿತು. ಕ್ಯಾಲ್ಕ್ಯುಲೇಟರ್ ನೀವೇ ಒತ್ತಿ ನೋಡಿ.

ಬಟ್ಟಾ, ಅಂದರೆ ಅಂಗಡಿಯವರ ಕಡಿತ, ಅದೂ ಎರಡು ಬಗೆ. ಹಣದಲ್ಲಿ ಶೇ. 1 ಕಡಿತ ಎಂದರೆ ಕೈಗೆ 1,83,645. "ಎರಡು ಟಂಚ ಬಟ್ಟಾ" ಎಂದರೆ 87.5ರ ಬದಲು 85.5 ಹಿಡಿಯುತ್ತಾರೆ, ಕೈಗೆ 1,81,260. ಎರಡು ಟಂಚ ಎನ್ನುವುದು ಕೇಳಲು ಸಣ್ಣದು, ಈ ಸರದಲ್ಲಿ ಅದರ ಬೆಲೆ 4,240 ರೂಪಾಯಿ. ಯಾವ ಬಗೆಯ ಬಟ್ಟಾ ಎಂದು ಕರಗಿಸುವ ಮೊದಲೇ ಮಾತಾಡಿಕೊಳ್ಳಬೇಕು. ಕರಗಿದ ಮೇಲೆ ನಿಮ್ಮ ಕೈಯಲ್ಲಿರುವುದು ಬರೀ ಗಟ್ಟಿ, ಅದನ್ನು ಬ್ಯಾಂಕಿನಲ್ಲಿ ಅಡ ಇಡಲೂ ಬರುವುದಿಲ್ಲ.

ಹಣ ಬ್ಯಾಂಕ್ ಖಾತೆಗೇ ಬರಲಿ. 2 ಲಕ್ಷ ಮತ್ತು ಮೇಲ್ಪಟ್ಟ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಪಡೆದವರ ಮೇಲೆಯೇ ದಂಡ. 10,000 ಮೀರಿದ ನಗದು ಖರೀದಿಯನ್ನು ವ್ಯಾಪಾರಿಯ ಲೆಕ್ಕದಲ್ಲಿ ಖರ್ಚೆಂದು ಒಪ್ಪುವುದಿಲ್ಲ, ಹಾಗಾಗಿ ಬಿಲ್ ಕೊಡುವ ಸರಾಫರು ತಾವಾಗಿಯೇ ಖಾತೆಗೆ ಹಾಕುತ್ತಾರೆ. ಮನೆಯ ಬಂಗಾರ ಮಾರುವವರಿಗೆ ಜಿಎಸ್‌ಟಿ ಇಲ್ಲ, ಆ ಹೆಸರಿನಲ್ಲಿ ಏನೂ ಕಳೆಯಬಾರದು.

ಶೋರೂಂ: ಹಳೆಯದು ಕೊಟ್ಟು ಹೊಸದು

ಸೂಪರ್ ಮಾರ್ಕೆಟ್ ಕಡೆಯ ದೊಡ್ಡ ಶೋರೂಂಗಳ "ಶೇ. 100 ವಿನಿಮಯ ಬೆಲೆ" ಎಂಬ ಫಲಕ ಸುಳ್ಳಲ್ಲ. ಹೋಗುವುದೆಲ್ಲ ಕೊಳ್ಳುವ ಕಡೆಯಿಂದ ಹೋಗುತ್ತದೆ. ನಮ್ಮ ಸರಕ್ಕೆ ಒಂದು ರೂಪಾಯಿಯೂ ಕಡಿಯದೆ 1,85,500 ಹಿಡಿದರು ಎನ್ನೋಣ. ಹೊಸ 22 ಕ್ಯಾರೆಟ್ ಒಡವೆಗೆ ಮಜೂರಿ ಶೇ. 14, ಎಲ್ಲದರ ಮೇಲೆ ಜಿಎಸ್‌ಟಿ ಶೇ. 3. ಆ ಹಣಕ್ಕೆ ಬರುವುದು 17.247 ಗ್ರಾಂ, ಅದರಲ್ಲಿ ಅಪ್ಪಟ ಬಂಗಾರ 15.80 ಗ್ರಾಂ. ಕೊಟ್ಟದ್ದು 18.55. ಹತ್ತಿರಹತ್ತಿರ ಎರಡೂಮುಕ್ಕಾಲು ಗ್ರಾಂ ಕರಗಿಹೋಯಿತು.

ಕರಗಿಸದೆ ಅಂದಾಜಿನಲ್ಲಿ ಅರಗು ಕಳೆಯುವ ಕಡೆ ಇನ್ನೂ ಜೋಪಾನ. 28 ಗ್ರಾಂನಲ್ಲಿ ಶೇ. 30 ಅರಗು ಎಂದು ಹಿಡಿದರೆ ಉಳಿಯುವುದು 19.600 ಗ್ರಾಂ. ನಿಜವಾಗಿ ಇದ್ದದ್ದು 21.200. ಆ 1.6 ಗ್ರಾಂಗೆ 14,000 ರೂಪಾಯಿ. ಅರಗಿನ ಒಡವೆಯನ್ನು ಅಂದಾಜಿಗೆ ಎಂದೂ ಕೊಡಬಾರದು.

ಮದುವೆಗೆ ಹೇಗೂ ಹೊಸ ಒಡವೆ ಮಾಡಿಸಲೇಬೇಕು ಎನ್ನುವವರಿಗೆ ಶೋರೂಂ ಸರಿ, ಬಿಲ್ ಮತ್ತು ಎಚ್‌ಯುಐಡಿ ಸಿಗುತ್ತದೆ. ಗುರುತಿನ ಪತ್ತಾರರಿಗೆ ನಿಮ್ಮದೇ ಗಟ್ಟಿ ಕೊಟ್ಟು ಮಾಡಿಸಿದರೆ ಮಜೂರಿ ಇಳಿಯುತ್ತದೆ, ಆದರೆ ತಯಾರಾದ ಮೇಲೆ ಅದೇ ಟಂಚ ಇದೆಯೇ ಎಂದು ಮತ್ತೆ ಪರೀಕ್ಷೆ ಮಾಡಿಸಿ.

ನಗದು ಕಂಪನಿಗಳು

ಹಳೆ ಬಂಗಾರ ಕೊಂಡು ಹಣ ಕೊಡುವ ಈ ಕಂಪನಿಗಳ ಬಲ ವೇಗ. ಕಣ್ಣೆದುರು ಕರಗಿಸುತ್ತಾರೆ, ಅದೇ ದಿನ ಖಾತೆಗೆ ಹಣ. ಕಡಿತ ಮಾರ್ಜಿನ್ ಎಂಬ ಹೆಸರಿನಲ್ಲಿ ಬರುತ್ತದೆ. ಶೇ. 3 ಎಂದು ಹಿಡಿದರೆ ನಮ್ಮ ಸರಕ್ಕೆ 1,79,935. ಕರಗಿಸುವ ಶುಲ್ಕ ಬೇರೆ ಇದೆಯೇ, ದರ ಅವರದೇ ಕೊಳ್ಳುವ ದರವೇ ಅಥವಾ ಮಾರುಕಟ್ಟೆ ದರವೇ ಎಂದು ಕೇಳಿ. ಗಿರವಿ ಬಿಡಿಸಿ ಮಾರಿಸುವ ಕೆಲಸ ಇವರಿಂದ ಸುಲಭ, ಉಳಿದಂತೆ ಸರಾಫ್ ಬಜಾರಿಗಿಂತ ಹೆಚ್ಚು ಕೊಡುವ ಕಾರಣ ಇವರಿಗಿಲ್ಲ.

ಗಿರವಿ

ಮನೆಯಲ್ಲಿ ಒಮ್ಮತವಿಲ್ಲ, ಹಣ ಮಾತ್ರ ಈಗಲೇ ಬೇಕು ಎಂದಾಗ ಬ್ಯಾಂಕಿನ ಗಿರವಿಯೇ ಬುದ್ಧಿವಂತಿಕೆ, ಒಡವೆ ಉಳಿಯುತ್ತದೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ. 85, 5 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಮಿತಿ. ನಮ್ಮ ಸರಕ್ಕೆ ಹೆಚ್ಚೆಂದರೆ 1,57,675. ನಿಜವಾಗಿ ಇನ್ನೂ ಕಡಿಮೆ ಬರುತ್ತದೆ: ಬೆಲೆ ಕಟ್ಟುವುದು ಹಿಂದಿನ ದಿನದ ದರ ಮತ್ತು 30 ದಿನಗಳ ಸರಾಸರಿ, ಇವೆರಡರಲ್ಲಿ ಕಡಿಮೆ ಇದ್ದುದರ ಮೇಲೆ. ಅವಧಿ ಮುಗಿದಾಗ ಒಟ್ಟಿಗೆ ತೀರಿಸುವ ಸಾಲದಲ್ಲಿ ಬಡ್ಡಿಯೂ ಆ ಮಿತಿಯೊಳಗೇ ಸೇರುತ್ತದೆ. ಒಡವೆ, ನಾಣ್ಯಕ್ಕೆ ಸಾಲ ಉಂಟು, ಕರಗಿಸಿದ ಗಟ್ಟಿಗೆ ಇಲ್ಲ. ಹಾಗಾಗಿ ಗಿರವಿಯ ಯೋಚನೆ ಸ್ವಲ್ಪವಾದರೂ ಇದ್ದರೆ ಕರಗಿಸಬೇಡಿ.

ವಜ್ರದ ಒಡವೆ

ಇಲ್ಲಿ ಆಸೆ ದೊಡ್ಡದು, ಕೈಗೆ ಬರುವುದು ಸಣ್ಣದು. ಬಿಲ್ ಇಲ್ಲದ ವಜ್ರದ ಉಂಗುರಕ್ಕೆ ಹೆಚ್ಚಿನ ಅಂಗಡಿಗಳು ಬಂಗಾರದ ಬೆಲೆಯನ್ನಷ್ಟೇ ಕಟ್ಟುತ್ತವೆ. ಮಾದರಿಗೆ 4.500 ಗ್ರಾಂ ಉಂಗುರ, ಒಂದೊಂದು ಸೆಂಟಿನ 30 ಹರಳು, 18 ಕ್ಯಾರೆಟ್ ಬಂಗಾರ. 30 ಸೆಂಟ್ ಎಂದರೆ 0.30 ಕ್ಯಾರೆಟ್. ವಜ್ರದ ಕ್ಯಾರೆಟ್ ಶುದ್ಧತೆಯದಲ್ಲ, ತೂಕದ ಅಳತೆ: ಒಂದು ಕ್ಯಾರೆಟ್ 0.2 ಗ್ರಾಂ, ಹಾಗಾಗಿ ಹರಳಿನ ತೂಕ 0.060 ಗ್ರಾಂ. ಬಂಗಾರ 4.440 ಗ್ರಾಂ, ಅಪ್ಪಟ 3.330, ಬೆಲೆ 33,300. 0.30 ಕ್ಯಾರೆಟನ್ನು 0.30 ಗ್ರಾಂ ಎಂದೇ ಕಳೆದುಬಿಟ್ಟರೆ 1,800 ರೂಪಾಯಿ ಹೋಗುತ್ತದೆ. ಈ ತಪ್ಪು ಗೊತ್ತಿಲ್ಲದೆಯೂ ಆಗುತ್ತದೆ, ಗೊತ್ತಿದ್ದೂ ಆಗುತ್ತದೆ.

ಹರಳು ಬಿಡಿಸದೆ ಕರಗಿಸಲು ಒಪ್ಪಬೇಡಿ. ವಜ್ರ ಎಂದರೆ ಇಂಗಾಲ, ಬರಿಗಾಳಿಯಲ್ಲಿ ಬಂಗಾರ ಕರಗುವ ಕಾವಿಗೆ ಮೈ ಮಂಜಾಗಿ ಸುಡತೊಡಗುತ್ತದೆ. ಬಿಡಿಸಿದ ಸಣ್ಣ ಹರಳುಗಳನ್ನು ಮಾರಲು ಒದ್ದಾಡುವುದಕ್ಕಿಂತ ಮುಂದಿನ ಒಡವೆಗೆ ಕೂಡಿಸಿಕೊಳ್ಳುವುದೇ ಲಾಭ.

ಪರೀಕ್ಷೆಯ ಪೆನ್ನು ಶಾಖ ಎಷ್ಟು ಬೇಗ ಹರಿಯುತ್ತದೆ ಎಂದು ನೋಡುತ್ತದೆ. ವಜ್ರದಂತೆ ಕಾಣುವ ಅಮೆರಿಕನ್ ಡೈಮಂಡ್ ಅಲ್ಲೇ ಸಿಕ್ಕಿಬೀಳುತ್ತದೆ, ಅಂಥದೇ ಇನ್ನೊಂದು ಹರಳು ಮೊಯ್ಸನೈಟ್ ಪಾಸಾಗಿಬಿಡುತ್ತದೆ. ಅದಕ್ಕೆ ವಿದ್ಯುತ್ ವಾಹಕತೆಯನ್ನೂ ಅಳೆಯುವ ಯಂತ್ರ ಬೇಕು. ಲ್ಯಾಬಿನಲ್ಲಿ ಬೆಳೆದ ವಜ್ರ ನಿಜವಾದ ವಜ್ರವೇ ಆದ್ದರಿಂದ ಪೆನ್ನಿನಿಂದ ಬೇರ್ಪಡಿಸಲಾಗದು, ಐಜಿಐ, ಜಿಐಎಯಂಥ ಪ್ರಯೋಗಾಲಯದ ವರದಿಯೇ ಬೇಕು. 30 ಸೆಂಟ್ ದಾಟಿದ ಒಂಟಿ ಹರಳಿದ್ದರೆ ಆ ಖರ್ಚು ಮಾಡಬಹುದು. ಸಣ್ಣವಕ್ಕೆ ವರದಿಯ ಖರ್ಚೇ ಹೆಚ್ಚು. ಬಿಡಿ ಹರಳಿಗೆ ತೂಕದ ಪರೀಕ್ಷೆಯೂ ಉಂಟು: 6.5 ಮಿಲಿಮೀಟರ್ ಅಗಲದ ದುಂಡು ವಜ್ರ ಸುಮಾರು 1 ಕ್ಯಾರೆಟ್ ತೂಗಿದರೆ, ಅಷ್ಟೇ ಅಗಲದ ಅಮೆರಿಕನ್ ಡೈಮಂಡ್ ಸುಮಾರು 1.7 ಕ್ಯಾರೆಟ್ ತೂಗುತ್ತದೆ.

ನಿಜಾಮರ ಕಾಲದ, ಹರಳು ಕೂರಿಸಿದ ಜಡಾವಿ ಒಡವೆ ಬೀದರ್, ಕಲಬುರಗಿಯ ಹಳೆ ಮನೆಗಳಲ್ಲಿ ಈಗಲೂ ಸಿಗುತ್ತದೆ. ಅದರಲ್ಲಿ ಹರಳಿನ ಹಿಂದೆ ಬೇಗಡೆ (ಹೊಳೆಯುವ ತೆಳು ಹಾಳೆ), ಒಳಗೆ ಅರಗು ಇರುತ್ತದೆ. ನೀರಿನಲ್ಲಿ ಅದ್ದಿದರೆ, ಸೋಪು ಹಚ್ಚಿದರೆ ಬೇಗಡೆ ಕಪ್ಪಾಗಿ ಹರಳಿನ ಹೊಳಪು ಸಾಯುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕರಗಿಸಿದರೆ ಇದರಲ್ಲಿ ಬರುವ ಬಂಗಾರ ಬಹಳ ಕಡಿಮೆ. ಬೆಲೆ ಇರುವುದು ಕೆಲಸದಲ್ಲಿ, ಹಾಗಾಗಿ ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಹಳೆ ಜಡಾವಿ ವ್ಯಾಪಾರಿಗಳಿಗೆ ತೋರಿಸಿ, ಕನಿಷ್ಠ ಇಬ್ಬರ ಬೆಲೆ ಕೇಳಿದ ಮೇಲೆ ತೀರ್ಮಾನಿಸಿ. ಪುತಳಿ ಸರ, ಅಶರಫಿ, 7.988 ಗ್ರಾಂನ ಬ್ರಿಟಿಷ್ ಸಾವರಿನ್ ಇವಕ್ಕೂ ಇದೇ ಮಾತು. ನಾಣ್ಯದ ಅಚ್ಚು ಸವೆಯದೆ ಇದ್ದರೆ ಸಂಗ್ರಾಹಕರು ಬಂಗಾರದ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಪಾಲಿಶ್ ಮಾಡಿಸಿದರೆ, ಕೊಂಡಿ ಬೆಸೆದರೆ ಆ ಹೆಚ್ಚಳ ಹೋಗುತ್ತದೆ.

ಮಾರಿದ ವರ್ಷ ಆದಾಯ ತೆರಿಗೆಯ ಲೆಕ್ಕವೂ ಇದೆ. ಹಿರಿಯರಿಂದ ಬಂದ ಬಂಗಾರ ಕೈ ಸೇರಿದ್ದಕ್ಕೆ ತೆರಿಗೆ ಇಲ್ಲ, ಮಾರಿದಾಗಿನ ಲಾಭಕ್ಕೆ ಉಂಟು. ಹಿರಿಯರು ಇಟ್ಟುಕೊಂಡಿದ್ದ ಕಾಲವೂ ಸೇರಿ 24 ತಿಂಗಳು ಮೀರಿದ್ದರೆ ಶೇ. 12.5. ಅವರು ಕೊಂಡದ್ದು 2001ರ ಏಪ್ರಿಲ್ 1ಕ್ಕೂ ಹಿಂದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು, ಮತ್ತು ಆ ವರದಿಯನ್ನು ಒಡವೆ ಇನ್ನೂ ಒಡವೆಯಾಗಿರುವಾಗಲೇ, ಫೋಟೊ ಮತ್ತು ತೂಕದ ಸಮೇತ ಮಾಡಿಸಿಟ್ಟುಕೊಳ್ಳಬೇಕು.