ಹತ್ತಿರದ ಸೈಕಾಲಜಿಸ್ಟ್ ಹುಡುಕಲು ಡೈರೆಕ್ಟರಿ, ಆ್ಯಪ್, ಫ್ಯಾಮಿಲಿ ಡಾಕ್ಟರ್: ನನಗೆ ಆಗಿಬಂದದ್ದು ಯಾವುದು

ಲೈಸೆನ್ಸ್ ಇರುವ, ಮನೆಗೆ ಹತ್ತಿರದ ಸೈಕಾಲಜಿಸ್ಟ್ ಬೇಕು ಅಂತ ಈ ಮೂರೂ ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಯಾಮಿಲಿ ಡಾಕ್ಟರಿಗೇ.

ಥೆರಪಿಸ್ಟ್‌ಗಳ ಆನ್‌ಲೈನ್ ಡೈರೆಕ್ಟರಿಯಲ್ಲಿ ಪಿನ್‌ಕೋಡ್ ಹಾಕಿದರೆ ಸಾಲುಸಾಲು ಫೋಟೋ, ಪ್ರತಿಯೊಂದರ ಪಕ್ಕ ಹಸಿರು ಟಿಕ್. ತಲೆ ಕೆಡಿಸಿದ್ದು ಆ ಟಿಕ್ಕೇ. ಲೈಸೆನ್ಸ್ ನೋಡಿಯೇ ಕೊಟ್ಟಿರುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಒತ್ತಿ ಸಣ್ಣ ಅಕ್ಷರ ಓದಿದರೆ, ಫೋನ್ ನಂಬರ್ ಮತ್ತು ಇಮೇಲ್ ಸರಿಯಿದೆ ಅಂತಷ್ಟೇ. 'ಸರ್ಟಿಫೈಡ್ ಥೆರಪಿಸ್ಟ್' ಅಂತ ಹಾಕಿಕೊಂಡಿದ್ದ ಒಬ್ಬರನ್ನು ವಿಚಾರಿಸಿದೆ, ಅದು ಯಾವುದೋ ಚಿಕ್ಕ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್.

ಲೈಸೆನ್ಸ್ ಕೊಡುವವರೇ ಬೇರೆ. ಅಮೆರಿಕದಲ್ಲಿ ಆಯಾ ರಾಜ್ಯದ ಬೋರ್ಡ್, ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ಅನ್ನುವ ಆರೋಗ್ಯ ವೃತ್ತಿಪರರ ನೋಂದಣಿ ಮಂಡಳಿ, ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ನೋಡಿಕೊಂಡು ಬಂದಿರುವುದು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಬ್ರಿಟನ್ನಿನಲ್ಲಿ ಬರೀ 'ಸೈಕಾಲಜಿಸ್ಟ್' ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, 'ಕ್ಲಿನಿಕಲ್ ಸೈಕಾಲಜಿಸ್ಟ್' ಅನ್ನಲು ಮಾತ್ರ ಎಚ್‌ಸಿಪಿಸಿ ನೋಂದಣಿ ಬೇಕೇಬೇಕು.

ಸರಿ, ಇವರ ರಿಜಿಸ್ಟರಿನಲ್ಲೇ ನೋಡೋಣ ಅಂದರೆ ಹೆಸರೇ ಸಿಗುವುದಿಲ್ಲ. ಪ್ರೊಫೈಲಿನಲ್ಲಿ ಮದುವೆ ಆದಮೇಲಿನ ಹೆಸರು, ರಿಜಿಸ್ಟರಿನಲ್ಲಿ ಓದುವಾಗಿನ ಹೆಸರು. ಒಂದಕ್ಷರ ಆಚೀಚೆ ಆದರೂ ಪುಟ ಖಾಲಿ. ಕೊನೆಗೆ ನೋಂದಣಿ ನಂಬರ್ ಕೊಡಿ ಅಂತ ನೇರವಾಗಿ ಮೆಸೇಜ್ ಹಾಕಿದೆ. ಕೆಲವರು ತಕ್ಷಣ ಕಳಿಸಿದರು, ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರಂತೂ "ಇಷ್ಟು ವರ್ಷದ ಅನುಭವ ಇದೆ, ನಂಬರ್ ಯಾಕೆ?" ಅಂದರು. ಅವರ ಹತ್ತಿರ ಮಾತು ಅಲ್ಲಿಗೇ ಮುಗಿಸಿದೆ. ಯಾರಿಗೂ ಹೇಳದ್ದನ್ನು ಹೇಳಿಕೊಳ್ಳಲು ಹೊರಟವರಿಗೆ ಅಷ್ಟು ಕೇಳುವ ಹಕ್ಕಿದೆ. ನಂಬರ್ ಸಿಕ್ಕಮೇಲೂ ಅವಧಿ ಮುಗಿದಿದೆಯಾ, ಶಿಸ್ತುಕ್ರಮ ಏನಾದರೂ ಆಗಿದೆಯಾ ಅಂತ ನೋಡಿ.

ಆ್ಯಪ್‌ನಲ್ಲಿ ಬುಕಿಂಗ್ ಸಲೀಸು, ರಾತ್ರಿಯೂ ಸ್ಲಾಟ್ ಇರುತ್ತದೆ. ಆದರೆ ಮನೆಯಲ್ಲೇ ಕೂತು ಫೋನಿನಲ್ಲಿ ಮಾತಾಡಬೇಕು, ಪಕ್ಕದ ಕೋಣೆಯಲ್ಲಿ ಮನೆಯವರು ಓಡಾಡುತ್ತಿದ್ದರೆ ನನಗೆ ಬಾಯೇ ಬರುವುದಿಲ್ಲ.

ಡಾಕ್ಟರ್ ಮಾತ್ರ ಹೆಸರು ಕೊಡುವ ಮೊದಲು ಪ್ರಶ್ನೆ ಕೇಳಿದರು. ನಿದ್ದೆ ಹೇಗಿದೆ, ಎದೆ ಡವಗುಟ್ಟುವುದು ಯಾವಾಗ, ಕೈ ನಡುಗುತ್ತದಾ. ಥೈರಾಯ್ಡ್ ಜಾಸ್ತಿಯಾದರೂ ಹೀಗೆಲ್ಲ ಆಗುತ್ತದಂತೆ, ಅದಕ್ಕೆ ಮೊದಲು ರಕ್ತ ಪರೀಕ್ಷೆ ಬರೆದರು. ಅದು ಸರಿಯಿದೆ ಅಂತ ಗೊತ್ತಾದಮೇಲೆ, ಸದ್ಯಕ್ಕೆ ಮಾತ್ರೆ ಬೇಡ, ಹಾಗಾಗಿ ಸೈಕಿಯಾಟ್ರಿಸ್ಟ್ (ಮಾತ್ರೆ ಬರೆಯುವ ಮನೋವೈದ್ಯರು) ಹತ್ತಿರ ಹೋಗುವ ಅಗತ್ಯವಿಲ್ಲ, ಆತಂಕಕ್ಕೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಮಾಡುವ ಸೈಕಾಲಜಿಸ್ಟ್ ಸಾಕು ಅಂತ ಹೆಸರು ಬರೆದುಕೊಟ್ಟರು. ಆ ಹೆಸರು, ನಂಬರ್ ರಿಜಿಸ್ಟರಿನಲ್ಲಿ ಮೊದಲ ಸಲಕ್ಕೇ ಸಿಕ್ಕಿತು.

ಕಾಯಬೇಕಾಯಿತು, ಅದೊಂದೇ ತೊಂದರೆ. ಜೀವವೇ ಬೇಡ ಅನ್ನಿಸುತ್ತಿರುವವರು ಮಾತ್ರ ಹೀಗೆ ಸರದಿಗೆ ಕಾಯಬಾರದು, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಡಾಕ್ಟರ್ ಹೇಳಿದ ಆ ಸೈಕಾಲಜಿಸ್ಟರ ಫೀಸ್ ಡೈರೆಕ್ಟರಿಯವರಷ್ಟೇ. ಆದಾಯ ನೋಡಿ ಕಡಿಮೆ ಮಾಡುತ್ತೀರಾ ಅಂತ ಕೇಳಿದೆ, ಒಪ್ಪಿದರು. ಕೈ ಇನ್ನೂ ಬಿಗಿಯಾಗಿದ್ದಿದ್ದರೆ ವಿಶ್ವವಿದ್ಯಾಲಯದ ತರಬೇತಿ ಕ್ಲಿನಿಕ್ ನೋಡುತ್ತಿದ್ದೆ, ಅಲ್ಲಿ ಲೈಸೆನ್ಸ್ ಇರುವವರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ನೋಡುತ್ತಾರೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ನಡೆದು ಹೋಗುವಷ್ಟು ದೂರ, ಬಾಗಿಲು ಹಾಕಿದ ಕೋಣೆ, ಎದುರಿಗೆ ಒಬ್ಬರು ಮನುಷ್ಯರು ಇದ್ದರೇ ನಾನು ಮಾತಾಡುವುದು, ಹಾಗಾಗಿ ಸದ್ಯ ಡಾಕ್ಟರ್ ಹೇಳಿದ ಸೈಕಾಲಜಿಸ್ಟ್ ಹತ್ತಿರವೇ ಹೋಗುತ್ತಿದ್ದೇನೆ.