ಜಿಎಡಿ-7 ಪ್ರಶ್ನಾವಳಿ: ನರ್ಸಿಂಗ್ ವಿದ್ಯಾರ್ಥಿಗಳ ಕೈಗೆ ಕೊಡುವ ಮುನ್ನ

ಆತಂಕವನ್ನು ಅಳೆಯಲು ಬಳಸುವ ಜಿಎಡಿ-7 ಒಂದೇ ಪುಟದ ಪ್ರಶ್ನಾವಳಿ. ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇದಕ್ಕೆ ಹಣ ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ; ಕನ್ನಡದಲ್ಲಿಯೂ ಸಿಗುತ್ತದೆ. ಬಳ್ಳಾರಿಯಲ್ಲಿ ನರ್ಸಿಂಗ್ ಕಲಿಸುವ ನಾನು ಕೋವಿಡ್ ಎರಡನೆಯ ಅಲೆಯ ಹೊತ್ತಿನಿಂದ ಇದನ್ನು ವಿದ್ಯಾರ್ಥಿಗಳ ನಡುವೆ ಬಳಸುತ್ತ ಬಂದಿರುವುದರಿಂದ, ಬೇರೆ ಕಾಲೇಜುಗಳ ಬೋಧಕರಿಗೂ ಹಾಸ್ಟೆಲ್ ವಾರ್ಡನ್‌ಗಳಿಗೂ ಉಪಯೋಗವಾದೀತೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕಳೆದ ಎರಡು ವಾರಗಳಲ್ಲಿ ಗಾಬರಿ, ತಡೆಯಲಾಗದ ಚಿಂತೆ, ಚಡಪಡಿಕೆ, ಸಿಡುಕು ಮುಂತಾದ ಏಳು ತೊಂದರೆಗಳು ಎಷ್ಟು ದಿನ ಕಾಡಿದವು ಎಂದು ಇದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 21. ಮೊತ್ತ 5 ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ ಆತಂಕವೆಂದು ಲೆಕ್ಕ. ಐದು ನಿಮಿಷದೊಳಗೆ ತುಂಬಬಹುದೆಂಬುದೇ ಇದರ ದೊಡ್ಡ ಗುಣ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಉದ್ದನೆಯ ನಮೂನೆ ಕೊಟ್ಟರೆ ಅವರು ಓದದೆಯೇ ಗುರುತು ಹಾಕಿ ಮಲಗುತ್ತಾರೆ.

ಆದರೆ ಸಾಂಕ್ರಾಮಿಕದ ವಾರ್ಡಿನಲ್ಲಿ ಈ ಅಂಕಗಳನ್ನು ಓದುವುದು ಸುಲಭವಲ್ಲ. 2021ರ ಮೇ ತಿಂಗಳಲ್ಲಿ ಅಂತಿಮ ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮತ್ತು ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಬಳಸಿಕೊಳ್ಳಲು ಕೇಂದ್ರ ಸರ್ಕಾರ ಅವಕಾಶ ಮಾಡಿಕೊಟ್ಟಾಗ, ಹಿಂದಿನ ವರ್ಷದ ಬಹುಪಾಲು ಪಾಠವನ್ನು ಮೊಬೈಲ್ ಪರದೆಯಲ್ಲಿ ಕೇಳಿದ್ದ ಹುಡುಗಿಯರು ಆಕ್ಸಿಜನ್ ಹಾಕಿದ ರೋಗಿಗಳ ಮುಂದೆ ನಿಲ್ಲಬೇಕಾಯಿತು. ಏನೋ ಕೆಟ್ಟದ್ದು ಆಗಿಬಿಡುತ್ತದೆಂಬ ಭಯವನ್ನು ಕುರಿತ ಏಳನೆಯ ಪ್ರಶ್ನೆಗೆ ಅಂಥ ವಾರ್ಡಿನಿಂದ ಬಂದವಳು 3 ಅಂಕ ಹಾಕಿದರೆ ಅದನ್ನು ಕಾಯಿಲೆಯೆನ್ನಲು ನನಗೆ ಮನಸ್ಸು ಬಾರದು. ಬಳ್ಳಾರಿಯ ಬಿಸಿಲಿನಲ್ಲಿ ಪಿಪಿಇ ಕಿಟ್ ತೊಟ್ಟು, ನೀರೂ ಕುಡಿಯದೆ ಪಾಳಿ ಮುಗಿಸಿದವಳ ಸಿಡುಕಿಗೂ ದೂರದ ಕಾರಣ ಹುಡುಕಬೇಕಿಲ್ಲ. ಸಿರುಗುಪ್ಪ, ಕಂಪ್ಲಿ ಕಡೆಯ ಹಳ್ಳಿಗಳಿಂದ “ಓದು ಸಾಕವ್ವ, ಮನಿಗೆ ಬಂದುಬಿಡು” ಎಂದು ತಾಯಂದಿರು ಫೋನ್ ಮಾಡುತ್ತಿದ್ದರೆ, ಹೋದರೆ ಅಜ್ಜಿಗೆ ಸೋಂಕು ತಗಲೀತೆಂಬ ಅಳುಕು ಇವರದು. ಇವುಗಳಲ್ಲಿ ಯಾವುದು ಕಾಡುತ್ತಿದೆಯೆಂದು ಪ್ರಶ್ನಾವಳಿ ಕೇಳುವುದಿಲ್ಲ. ಆದ್ದರಿಂದ ಕೊನೆಯಲ್ಲಿರುವ ಅಂಕವಿಲ್ಲದ ಪ್ರಶ್ನೆ, ಅಂದರೆ ಈ ತೊಂದರೆಗಳಿಂದ ಕೆಲಸ ಮಾಡುವುದು, ಜನರೊಡನೆ ಹೊಂದಿಕೊಳ್ಳುವುದು ಎಷ್ಟು ಕಷ್ಟವಾಯಿತು ಎಂಬುದು, ನನಗೆ ಉಳಿದ ಏಳಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಎರಡು ವಾರಗಳ ಅವಧಿಯೂ ತೊಡಕಿನದೇ. ವಾರ್ಡ್ ಡ್ಯೂಟಿ ಮುಗಿಸಿ ಕ್ವಾರಂಟೈನ್‌ನ ಕೊನೆಯಲ್ಲಿ ತುಂಬಿದರೆ ಅಂಕ ಇಳಿದಿರುತ್ತದೆ, ಡ್ಯೂಟಿಯ ನಡುವೆ ತುಂಬಿದರೆ ಏರಿರುತ್ತದೆ. ಹಾಳೆಯ ಅಂಚಿನಲ್ಲಿ ಡ್ಯೂಟಿಯ ದಿನಾಂಕ ಬರೆಸದಿದ್ದರೆ ಒಬ್ಬಳ ಅಂಕವನ್ನು ಇನ್ನೊಬ್ಬಳದರೊಂದಿಗೆ ಹೋಲಿಸಿ ಪ್ರಯೋಜನವಿಲ್ಲ.

ಇದನ್ನು ಕೆಡಿಸುವುದು ಬಹಳ ಸುಲಭ. ಹೆಸರು, ರಿಜಿಸ್ಟರ್ ನಂಬರ್ ಸಹಿತ ಗೂಗಲ್ ಫಾರ್ಮ್ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ, ಇಂಟರ್ನಲ್ ಅಂಕಕ್ಕೆ ಕುತ್ತು ಬಂದೀತೆಂದು ಎಲ್ಲರೂ ಸೊನ್ನೆ ಒತ್ತುತ್ತಾರೆ. ಮೇಲಾಗಿ ಮಾನಸಿಕ ಆರೋಗ್ಯ ನರ್ಸಿಂಗ್ ಅವರಿಗೆ ಪಠ್ಯವೇ ಆಗಿರುವುದರಿಂದ ಯಾವ ಉತ್ತರಕ್ಕೆ ಏನರ್ಥವೆಂದು ನಮಗಿಂತ ಚೆನ್ನಾಗಿ ಗೊತ್ತು! ಕಾಗದದ ಮೇಲೆ, ಹೆಸರಿಲ್ಲದೆ ತುಂಬಿಸಿ, ಮಾತಾಡಬೇಕೆನ್ನುವವರು ಮಾತ್ರ ಹೆಸರು ಬರೆಯಲೆಂದು ಬಿಡುವುದು ಉತ್ತಮ.

ಇನ್ನೊಂದು ಕೊರತೆ ಗಂಭೀರವಾದುದು. ಬದುಕೇ ಬೇಡವೆನ್ನಿಸುವ ಯೋಚನೆಯನ್ನು ಜಿಎಡಿ-7 ಕೇಳುವುದಿಲ್ಲ. ಅದು ಇರುವುದು ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಯಲ್ಲಿ. ಆದ್ದರಿಂದ ಇಲ್ಲಿ ಕಡಿಮೆ ಅಂಕ ಬಂದವಳು ಕ್ಷೇಮವಾಗಿದ್ದಾಳೆಂದು ನಿಶ್ಚಿಂತರಾಗುವಂತಿಲ್ಲ, ಎರಡನ್ನೂ ಜೊತೆಯಾಗಿಯೇ ಕೊಡಬೇಕು.

10 ಮುಟ್ಟಿದವರನ್ನು ಎಲ್ಲಿಗೆ ಕಳಿಸುವುದೆಂದು ಮೊದಲೇ ಗೊತ್ತಿಲ್ಲದಿದ್ದರೆ ಹಾಳೆ ಹಂಚಲೇಬಾರದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿಯೇ ನಡೆಸಿದ ಪ್ರಯೋಗ. ಇಷ್ಟಿದ್ದೂ ಮನೋವೈದ್ಯರ ಓಪಿಡಿ ಬಾಗಿಲಿಗೆ ಹೋಗಲು ನರ್ಸಿಂಗ್ ವಿದ್ಯಾರ್ಥಿಗಳೇ ಹಿಂಜರಿಯುತ್ತಾರೆ, ಯಾರಾದರೂ ಪರಿಚಿತ ಸಿಸ್ಟರ್ ನೋಡಿಬಿಟ್ಟರೆ ಎಂದು. ಅಂಥವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅನುಕೂಲ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರಶ್ನಾವಳಿಯ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಆ ಭಾಗವನ್ನು ಹರಿದು ಇಟ್ಟುಕೊಳ್ಳುವಂತೆ ಮಾಡಿ.