ತುಳು ಮನೆಯ ಮಗುವಿಗೆ ಅಂಗನವಾಡಿಯೋ, ಇಂಗ್ಲಿಷ್ ನರ್ಸರಿಯೋ?

ದಕ್ಷಿಣ ಕನ್ನಡದಲ್ಲಿ ಮನೆಯೊಳಗೆ ತುಳು, ಬ್ಯಾರಿ ಅಥವಾ ಕೊಂಕಣಿ ಮಾತನಾಡುವ ಮೂರು ವರ್ಷದ ಮಗುವಿಗೆ ಕನ್ನಡವೂ ಎರಡನೆಯ ಭಾಷೆಯೇ ಎಂಬುದನ್ನು, ಶಾಲೆ ಆರಿಸುವ ಹೆತ್ತವರು ಮೊದಲು ಗಮನಿಸಬೇಕು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನವರಾಗಿರುವುದರಿಂದ, ಅಳುವ ಮಗುವನ್ನು ಅದರ ಭಾಷೆಯಲ್ಲೇ ಸಂತೈಸಿ, ಅಲ್ಲಿಂದ ಮೆಲ್ಲಗೆ ಕನ್ನಡಕ್ಕೆ ಕರೆತರಬಲ್ಲರು. ನೆರೆಹೊರೆಯ ಬೇರೆ ಬೇರೆ ಜಾತಿ, ಧರ್ಮದ ಮಕ್ಕಳು ಒಟ್ಟಿಗೆ ಕೂತು ಉಣ್ಣುವುದೂ ಇಲ್ಲಿ ನಿತ್ಯದ ಪಾಠ. ಆದರೆ ಕಾರ್ಯಕರ್ತೆಯರ ಮೇಲೆ ಪೌಷ್ಟಿಕ ಆಹಾರ, ಲಸಿಕೆ, ಸಮೀಕ್ಷೆಗಳ ಹೊರೆಯಿದ್ದು, ಕಲಿಕೆಗೆ ಸಿಗುವ ಸಮಯ ಕಡಿಮೆ.

ಖಾಸಗಿ ನರ್ಸರಿಯಲ್ಲಿ ಆಟಿಕೆ, ಶಿಸ್ತು, ವಾಹನ ಇರಬಹುದು. ಶುಲ್ಕ ಕಟ್ಟಬಲ್ಲವರ ಮಕ್ಕಳಷ್ಟೇ ಅಲ್ಲಿ ಜೊತೆಗಾರರು. ಹಬ್ಬದ ದಿನ ವೇಷ ತೊಡಿಸಿ ಫೋಟೊ ತೆಗೆಯುವುದನ್ನೇ ಸಂಸ್ಕೃತಿಯೆಂದು ತಿಳಿದು, ಉಳಿದ ದಿನ ಮನೆಮಾತಿಗೆ ದಂಡ ಹಾಕುವ ಕಡೆ ನಾನಂತೂ ಮಗುವನ್ನು ಸೇರಿಸೆನು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದೆಡೆ ಮನೆಮಾತಿನಲ್ಲೇ ಬೋಧನೆಯಿರಲಿ ಎನ್ನುತ್ತದೆ. ಮನೆಮಾತನ್ನು ಗೌರವಿಸುವ ನರ್ಸರಿ ಹತ್ತಿರದಲ್ಲಿದ್ದರೆ ಮಾತು ಬೇರೆ. ಇಲ್ಲವಾದರೆ ಅಂಗನವಾಡಿಗೇ ನನ್ನ ಮತ.